ಸಾಕ್ಷಿಗೆ ಎರಡು ಹೋಳು

ಮೊದಲ ಪರೀಕ್ಷೆ ಮಾಡಿದವಳು ನುನ್ಸಿಯಾ ಅತ್ತೆ.
ಆಳದ ತಟ್ಟೆಯಲ್ಲಿ ನೀರು, ಮೇಲೆ ಮೂರು ಹನಿ ಆಲಿವ್ ಎಣ್ಣೆ.
ಎಣ್ಣೆ ಒಡೆದು ಹರಡಿತು. ದೃಷ್ಟಿಯೇ, ಅಂದಳು,
ಯಾರದೋ ಕಣ್ಣು ನಮ್ಮಣ್ಣನ ಒಲೆಯ ಮೇಲೆ ಬಿದ್ದಿದೆ.
ಅಪ್ಪ ನಕ್ಕು ಬೆಲ್ಟಿಗೆ ಮೊಳೆಯಿಂದ
ಇನ್ನೊಂದು ತೂತು ಹೊಡೆದುಕೊಂಡ.

ಅದು ಐದನೆಯ ತೂತು.
ಅಲ್ತಮುರಾದಲ್ಲಿ ವಿತಾಂತೋನಿಯೊ ಅಂದರೆ ರೊಟ್ಟಿ.
ರಾತ್ರಿ ಎರಡಕ್ಕೆದ್ದು ಹಳದಿ ಗೋಧಿಹಿಟ್ಟು ನಾದಿ
ಬೆಳಕು ಹರಿಯುವಾಗ ಊರಿಗೆ ನೂರಾ ಎಂಬತ್ತು ರೊಟ್ಟಿ;
ತನಗೆ ಮಾತ್ರ, ಹನ್ನೊಂದು ವರ್ಷದಿಂದ, ಕಬ್ಬಿಣದ ಗುಳಿಗೆ.
ನುಂಗಿದ ಕಬ್ಬಿಣ ಎಲ್ಲಿಗೆ ಹೋಗುತ್ತದೆಂದು
ಯಾರೂ ಕೇಳಲಿಲ್ಲ. ಲೆಕ್ಕ ಬರೆಯುವ ನಾನೂ ಕೇಳಲಿಲ್ಲ.

ಒಬ್ಬ ವೈದ್ಯ ಅಲ್ಸರ್ ಅಂದ. ಒಬ್ಬ ನರ ಅಂದ.
ಒಬ್ಬ, ಅಮ್ಮ ತೀರಿಕೊಂಡ ವರ್ಷ, ದುಃಖ ಅಂದ,
ಅದಕ್ಕೂ ಒಂದು ಗುಳಿಗೆ ಬರೆದ.

ಲೊಪೆರ್ಫಿಡೊ ಅನ್ನುವ ಎಳೆಯ ಡಾಕ್ಟರು ಮಾತ್ರ
ಕಾಗದದಿಂದ ತಲೆಯೆತ್ತಿ ಅಪ್ಪನ ಮೊಣಕೈ ನೋಡಿದಳು,
ಕೆರೆದು ಕೆರೆದು ಕೆಂಪಾದದ್ದು.
ದಿನಕ್ಕೆ ಎಷ್ಟು ರೊಟ್ಟಿ ತಿನ್ನುತ್ತೀರಿ?
ಬೇಕರಿಯವನನ್ನು ಯಾರಾದರೂ ಹಾಗೆ ಕೇಳುತ್ತಾರೆಯೆ!
ಅಪ್ಪ ತಲೆ ತಗ್ಗಿಸಿದ: ಬಿಟ್ಟು ಎರಡು ತಿಂಗಳಾಯಿತು,
ಬಿಟ್ಟರೆ ಹೊಟ್ಟೆ ಸುಮ್ಮನಿರುತ್ತದೆ, ಮಗಳಿಗೆ ಹೇಳಬೇಡಿ.
ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ.

ಹಾಗಿದ್ದರೆ ಮತ್ತೆ ತಿನ್ನಿ, ಅಂದಳು ಆಕೆ.
ಆರು ವಾರ. ದಿನಕ್ಕೆ ಎರಡು ಹೋಳು, ಕಡಿಮೆ ಬೇಡ.
ಕಳ್ಳ ಒಳಗಿದ್ದರೆ ತಾನೆ ನಾಯಿ ಬೊಗಳುವುದು;
ನೀವು ಹೊರಗಟ್ಟಿ ಬಾಗಿಲು ಹಾಕಿದ್ದೀರಿ,
ಈಗ ರಕ್ತವನ್ನು ಕೇಳಿದರೆ ಅದು ನಿದ್ದೆಯಲ್ಲಿದೆ.

ಆರು ವಾರ ಅಪ್ಪ ತನ್ನದೇ ರೊಟ್ಟಿಯನ್ನು
ಮದ್ದೆಂದು ತಿಂದ. ಮದ್ದಿಕ್ಕಿದ ಕೈಯೂ ತನ್ನದೇ.
ಕಂದು ಹೊರಪದರ ಗರಿಗರಿ ಮುರಿಯುವಾಗ ಕಣ್ಣು ಮುಚ್ಚುತ್ತಿದ್ದ.
ಆಮೇಲೆ ಕಕ್ಕಸಿನ ಬಾಗಿಲು. ನನಗೆ ಕೇಳಬಾರದೆಂದು
ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದ.
ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ.
ಇಲ್ಲಿ ಉಂಡದ್ದೇ ಮನೆಗೆ ಎರಡು ಬಗೆದಿತ್ತು.

ರಕ್ತ ತೆಗೆದರು, ಎರಡು ಕೊಳವೆ.
ಒಂದರಲ್ಲಿ ಸಾಕ್ಷಿಯ ಹೇಳಿಕೆ.
ಇನ್ನೊಂದು, ಸಾಕ್ಷಿಯೇ ಹುಟ್ಟುಮೂಗನೋ ಏನೋ ಎಂದು ತಿಳಿಯಲು;
ಮೂಗನ ಮೌನವನ್ನು ಏನೂ ಇಲ್ಲವೆಂದು ಓದಿ
ಮನೆಗೆ ಕಳಿಸಿದ್ದೂ ಉಂಟಂತೆ.
ಮೂಗನಲ್ಲ. ಹತ್ತರೊಳಗಿರಬೇಕಾದ ಅಂಕಿ
ನೂರಾ ನಲವತ್ತೆಂಟು.
ಹಿಟ್ಟಿನ ಕಳ್ಳ ಯಾರೆಂದರೆ
ಹೆಗಲು ಮುಟ್ಟಿ ನೋಡಿಕೊಂಡವನು ಅಪ್ಪ,
ಹೆಗಲ ಮೇಲೆ ನಲವತ್ತೈದು ವರ್ಷದ ಹಿಟ್ಟು.

ಆದರೂ ಕಣ್ಣಾರೆ ನೋಡಬೇಕು ಅಂದರು.
ಬಾರಿಯ ಆಸ್ಪತ್ರೆ. ಒರ್ನೆಲ್ಲಾ ಎಂಬ ನರ್ಸು
ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಉಂಗುರವಿಟ್ಟು
ಅವನ ತಲೆ ಸವರಿದಳು. ಕಪ್ಪು ಕೊಳವೆ ಇಳಿಯಿತು,
ರೊಟ್ಟಿ ಇಳಿದ ದಾರಿಯಲ್ಲೇ.
ಆರು ಚೂರು ಕಿತ್ತರು, ಒಂದೊಂದೂ ರವೆಯ ಕಾಳಿನಷ್ಟು.
ಐದು ವರ್ಷದ ಹಿಂದೆಯೂ ಇಂಥದೇ ಕೊಳವೆ ಇಳಿದಿತ್ತು;
ಅಂದು ನೋಡಿದರು, ಕೀಳಲಿಲ್ಲ.

ಹದಿನೇಳು ದಿನ. ಆಮೇಲೆ ಲೊಪೆರ್ಫಿಡೊ ಚಿತ್ರ ತೋರಿಸಿದಳು:
ಕರುಳಿನ ಒಳಗೋಡೆ ಹೊಸ ಟವೆಲ್ಲಿನಂತೆ
ಎಳೆಎಳೆಯಾಗಿ ಎದ್ದಿರಬೇಕು, ಬಂದದ್ದನ್ನು ಹೀರಲು.
ಇದು ನಮ್ಮ ಒಲೆ ಒರೆಸುವ ಬಟ್ಟೆ.
ಹನ್ನೊಂದು ವರ್ಷದ ಕಬ್ಬಿಣವನ್ನು
ಹಿಡಿದುಕೊಳ್ಳಲು ಎಳೆಯೇ ಇರಲಿಲ್ಲ.

ಇದಕ್ಕೆ ಹೆಸರುಂಟೆ, ಕೇಳಿದ ಅಪ್ಪ.
ಸೆಲಿಯಾಕಿಯಾ.
ನಾಲಗೆಯ ಮೇಲೆ ಒಮ್ಮೆ ಹೊರಳಿಸಿದ,
ಹಿಟ್ಟಿಗೆ ಉಪ್ಪು ಸಾಕೇ ಎಂದು ನೋಡುವವನಂತೆ.
ಆಗ ಆಕೆ ನನ್ನ ಕಡೆ ತಿರುಗಿದಳು.
ಮಕ್ಕಳೂ ಒಮ್ಮೆ ನೋಡಿಸಿಕೊಳ್ಳಬೇಕು.

ನಾಳೆ ನನ್ನ ಸರದಿ.
ಅಪ್ಪ ಮಾಸ್ಕು ಕಟ್ಟಿಕೊಂಡು,
ಅಜ್ಜನ ಮರದ ಮುದ್ರೆ ಒತ್ತಿದ ರೊಟ್ಟಿಯನ್ನು
ಎದೆಗವುಚಿ ಕೊಯ್ಯುತ್ತಾನೆ.
ತೆಳ್ಳಗೆ ಸಾಕಪ್ಪಾ.
ದಪ್ಪಗಿರಲಿ, ಅನ್ನುತ್ತಾನೆ, ರಕ್ತ ಸುಳ್ಳು ಹೇಳೀತು.
ಎರಡು ಹೋಳು ನನ್ನ ಮುಂದಿಟ್ಟು
ಕೈ ತೊಳೆಯಲು ಹೋದವನು
ನಲ್ಲಿ ಬಿಟ್ಟುಕೊಂಡೇ ನಿಂತಿದ್ದಾನೆ,
ಇನ್ನೂ ಬಂದಿಲ್ಲ.